ಬಾಳಿ ನೋಡಿದ ಅಮೆರಿಕದ ರಾಜ್ಯಗಳು: ಯಾವ ತಿಂಗಳು, ಯಾವ ದಾರಿ, ಎಂಥ ಜನ, ಎಲ್ಲಿ ಎಡವುತ್ತಾರೆ

ತುಂಗಾತೀರ

ನೋಡಬೇಕಾದ ಹತ್ತು ಜಾಗಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಒಂದು ರಾಜ್ಯದಲ್ಲಿ ಮನೆ ಮಾಡಿ, ಅಲ್ಲಿನ ಚಳಿ, ಸೆಕೆ, ರಸ್ತೆ, ನೆರೆಹೊರೆ ಅರಿತವರು ಹೇಳುವ ಸಂಗತಿ ಬೇರೆ. ಈ ಚರ್ಚೆಯಲ್ಲಿ ಅಮೆರಿಕದಲ್ಲಿ ನೆಲೆಸಿರುವ ನಾವು ಕನ್ನಡಿಗರು ಒಬ್ಬೊಬ್ಬರಾಗಿ ಬರೆಯಬೇಕಿರುವುದು ಅದನ್ನೇ. ಊರಿನಿಂದ ಅಪ್ಪ ಅಮ್ಮ ಬಂದಾಗ, ಕೆಲಸ ಬದಲಾಗಿ ಹೊಸ ರಾಜ್ಯಕ್ಕೆ ಹೋಗುವಾಗ ಉಪಯೋಗಕ್ಕೆ ಬರಬೇಕು. "ಚೆನ್ನಾಗಿದೆ, ತಪ್ಪದೆ ನೋಡಿ" ಅಂತ ಬರೆದು ಬಿಡಬೇಡಿ. ತಿಂಗಳು, ದೂರ, ಎತ್ತರ, ಏನು ಕೆಡುತ್ತದೆ, ಯಾಕೆ ಕೆಡುತ್ತದೆ, ಇಷ್ಟು ಇರಲಿ.

ಮರಳುಮಲ್ಲಿಗೆ

ಅರಿಜೋನಾದಿಂದ ಶುರು ಮಾಡುತ್ತೇನೆ. ಈ ರಾಜ್ಯವನ್ನು ಮರುಭೂಮಿ ಅಂತ ಒಂದೇ ಮಾತಲ್ಲಿ ಮುಗಿಸಿದರೆ ಅರ್ಧ ಕಳೆದುಕೊಂಡಂತೆ. ಫೀನಿಕ್ಸ್ ಇರುವುದು ಸುಮಾರು 1,100 ಅಡಿ ಎತ್ತರದಲ್ಲಿ, ಫ್ಲಾಗ್‌ಸ್ಟಾಫ್ 7,000 ಅಡಿಯಲ್ಲಿ. ನಡುವೆ 145 ಮೈಲಿ. ಕೆಳಗೆ ತೋಳಿಲ್ಲದ ಅಂಗಿ ಹಾಕಿಕೊಂಡು ಹೊರಟ ದಿನವೇ ಮೇಲೆ ಹಿಮ ಬೀಳುತ್ತಿರಬಹುದು. ಚಳಿಗಾಲದಲ್ಲಿ ಆ ದಾರಿ ಹಿಡಿಯುವ ಮುನ್ನ ಎರಡೂ ಊರುಗಳ ಹವಾಮಾನ ನೋಡಿ. ಭಾನುವಾರ ಸಂಜೆ ಆ ದಾರಿಯಲ್ಲಿ, ಅಂದರೆ ಐ-17 ಹೆದ್ದಾರಿಯಲ್ಲಿ, ಕೆಳಗಿಳಿಯಬೇಡಿ, ಇಡೀ ಫೀನಿಕ್ಸ್ ಅದೇ ಹೊತ್ತಿಗೆ ಮನೆಗೆ ಮರಳುತ್ತಿರುತ್ತದೆ.

ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು ವರ್ಷವಿಡೀ ತೆರೆದಿರುತ್ತದೆ. ಉತ್ತರ ಅಂಚು ಚಳಿಗಾಲದಲ್ಲಿ ಮುಚ್ಚುತ್ತದೆ, 2025ರ ಕಾಡ್ಗಿಚ್ಚಿನಲ್ಲಿ ಅಲ್ಲಿನ ಹಳೆಯ ವಸತಿಗೃಹವೂ ಸುಟ್ಟುಹೋಯಿತು. ಎದುರು ಬದುರು ಕಾಣುವ ಎರಡು ಅಂಚುಗಳ ನಡುವೆ ನೇರವಾಗಿ 10 ಮೈಲಿ, ರಸ್ತೆಯಲ್ಲಿ 200 ಮೈಲಿಗೂ ಹೆಚ್ಚು. ಒಂದೇ ದಿನದಲ್ಲಿ ಎರಡೂ ನೋಡುತ್ತೇವೆ ಅನ್ನುವ ಯೋಜನೆ ಕೈಬಿಡಿ.

ಕಣಿವೆಯೊಳಗೆ ಇಳಿಯುವವರು ಇದನ್ನು ಗಟ್ಟಿ ಮಾಡಿಕೊಳ್ಳಿ. ನಮ್ಮ ಕಡೆ ಬೆಟ್ಟ ಹತ್ತುವಾಗ ಕಷ್ಟ ಮೊದಲು ಬರುತ್ತದೆ, ದಣಿದರೆ ಇಳಿದು ಬರಬಹುದು. ಇಲ್ಲಿ ಇಳಿಯುವುದು ಮೊದಲು. ಕಾಲಿನಲ್ಲಿ ಕಸುವು ಇರುವಾಗ ಸಲೀಸಾಗಿ ಇಳಿದು, ಸೆಕೆ ಏರಿದ ಹೊತ್ತಿಗೆ ಹತ್ತಬೇಕಾಗುತ್ತದೆ. ಇಳಿಯಲು ಒಂದು ಗಂಟೆಯಾದರೆ ಹತ್ತಲು ಎರಡು ಗಂಟೆ ಲೆಕ್ಕ ಹಾಕಿ. ತಳದಲ್ಲಿ ಅಂಚಿಗಿಂತ 10ರಿಂದ 15 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಹತ್ತುವ ದಾರಿಯಲ್ಲಿ ಇರಲೇಬಾರದು. ಬ್ರೈಟ್ ಏಂಜಲ್ ದಾರಿಯಲ್ಲಿ ಒಂದೂವರೆ ಮೈಲಿಗೆ ಮತ್ತು ಮೂರು ಮೈಲಿಗೆ ತಂಗುದಾಣಗಳಿವೆ, ಬೇಸಿಗೆಯಲ್ಲಿ ನೀರೂ ಇರುತ್ತದೆ. ಆದರೆ ಹಳೆಯ ಕೊಳವೆ ಒಡೆದು ನೀರು ನಿಂತುಹೋಗುವುದು ಸಾಮಾನ್ಯ. ಸೌತ್ ಕೈಬಾಬ್ ದಾರಿಯಲ್ಲಿ ನೀರೇ ಇಲ್ಲ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪು ಇಳಿದು ತಲೆಸುತ್ತು, ವಾಂತಿ ಶುರುವಾಗುತ್ತದೆ, ಜನ ಅದನ್ನು ನೀರು ಸಾಲದ್ದಕ್ಕೆ ಆಯಿತೆಂದು ತಿಳಿದು ಇನ್ನಷ್ಟು ಕುಡಿಯುತ್ತಾರೆ. ಉಪ್ಪು ಹಾಕಿದ ಕಡಲೆಕಾಯಿ, ಚಕ್ಕುಲಿ, ಖಾರ ಅವಲಕ್ಕಿ ನೀರಿನಷ್ಟೇ ಮುಖ್ಯ.

ಕಾವೇರಿಕೊಡಗು

ಮಂಡಿ ನೋವಿರುವ ಹಿರಿಯರನ್ನು ಕರೆದುಕೊಂಡು ಹೋದರೆ? ಅಂಚಿನಲ್ಲಿ ನಿಂತು ಫೋಟೋ ತೆಗೆದು ವಾಪಸ್ ಬರುವುದಷ್ಟೇನಾ?

ಮರಳುಮಲ್ಲಿಗೆ

ಖಂಡಿತ ಅಲ್ಲ ಮೇಡಂ. ಯಾವಪಾಯ್ ಭೂವಿಜ್ಞಾನ ಸಂಗ್ರಹಾಲಯದಿಂದ ಉದ್ಯಾನದೊಳಗಿನ ಹಳ್ಳಿಯ ಕಡೆಗೆ ಅಂಚಿನುದ್ದಕ್ಕೂ ಕಲ್ಲುಹಾಸಿನ ಸಮತಟ್ಟಾದ ದಾರಿಯಿದೆ. ಅಲ್ಲಿ ಒಂದೊಂದು ಮೀಟರ್ ಭೂಮಿಯ ಇತಿಹಾಸದ ಹತ್ತು ಲಕ್ಷ ವರ್ಷಕ್ಕೆ ಸಮ. ಆಯಾ ಕಾಲದ ಕಲ್ಲುಗಳನ್ನು ದಾರಿ ಬದಿಗೇ ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ಹರ್ಮಿಟ್ ರಸ್ತೆಗೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಖಾಸಗಿ ಕಾರು ಬಿಡುವುದಿಲ್ಲ, ಉಚಿತ ಬಸ್ ಇದೆ. ಬಸ್ ಹತ್ತಿ ಇಳಿಯುವುದು ಕಷ್ಟವಾದರೆ ಪ್ರವೇಶದ್ವಾರದಲ್ಲೇ ನಡೆಯಲಾಗದವರ ವಿಶೇಷ ಅನುಮತಿ ಚೀಟಿ ಕೇಳಿ, ಕಾರು ಬಿಡುತ್ತಾರೆ. ಇದನ್ನು ಕೇಳದೆ ಬಿಡುವವರೇ ಹೆಚ್ಚು. 7,000 ಅಡಿ ಎತ್ತರವಾದ್ದರಿಂದ ಮೊದಲ ದಿನ ಏದುಸಿರು ಬರುತ್ತದೆ, ನಿಧಾನಕ್ಕೆ ನಡೆಸಿ.

ಹಣದ ವಿಚಾರವೂ ಬದಲಾಗಿದೆ. 2026ರ ಜನವರಿಯಿಂದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಹೊರದೇಶದವರಿಗೆ 250. ಗ್ರ್ಯಾಂಡ್ ಕ್ಯಾನ್ಯನ್ ಸೇರಿ ಹನ್ನೊಂದು ಉದ್ಯಾನಗಳಲ್ಲಿ ಪಾಸ್ ಇಲ್ಲದ ಹೊರದೇಶದವರು ತಲೆಗೆ 100 ಡಾಲರ್ ಹೆಚ್ಚುವರಿ ಕೊಡಬೇಕು. ಊರಿನಿಂದ ಬಂದವರನ್ನು ಕರೆದೊಯ್ಯುವವರು ಹೊರಡುವ ಮೊದಲೇ ಲೆಕ್ಕ ಹಾಕಿಕೊಳ್ಳಿ.

ತುಂಗಾತೀರ

ಆಂಟೆಲೋಪ್ ಕ್ಯಾನ್ಯನ್‌ನ ಕಿರಿದಾದ ಕಲ್ಲಿನ ಇರುಕು, ಮಾನ್ಯುಮೆಂಟ್ ವ್ಯಾಲಿಯ ಒಂಟಿ ಬಂಡೆಗಳು, ಇವಕ್ಕೂ ಅದೇ ಪಾಸ್ ನಡೆಯುತ್ತದೆಯೇ?

ಮರಳುಮಲ್ಲಿಗೆ

ಇಲ್ಲ. ಅವೆರಡೂ ನವಾಹೋ ಎಂಬ ಮೂಲನಿವಾಸಿ ಜನರ ನೆಲ, ಅವರದೇ ಆಡಳಿತ, ಶುಲ್ಕವೂ ಅವರಿಗೇ. ಆಂಟೆಲೋಪ್ ಕ್ಯಾನ್ಯನ್‌ಗೆ ನವಾಹೋ ಮಾರ್ಗದರ್ಶಿ ಇಲ್ಲದೆ ಕಾಲಿಡುವಂತಿಲ್ಲ. ನವಾಹೋ ನೆಲದಲ್ಲಿ ಮದ್ಯ ನಿಷೇಧ, ಡ್ರೋನ್ ಹಾರಿಸುವಂತಿಲ್ಲ, ಜನರ ಫೋಟೋ ತೆಗೆಯುವ ಮುನ್ನ ಕೇಳಬೇಕು. ಅದು ಅವರ ಮನೆ ಅನ್ನುವುದು ಮನಸ್ಸಿನಲ್ಲಿರಲಿ.

ಇಲ್ಲಿ ಗಡಿಯಾರದ ತೊಡಕೊಂದಿದೆ, ಎಷ್ಟೋ ಬುಕಿಂಗ್ ಇದರಿಂದಲೇ ಹಾಳಾಗುತ್ತವೆ. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡುವ ಪದ್ಧತಿ ಇಲ್ಲ. ನವಾಹೋ ನೆಲದಲ್ಲಿ ಇದೆ. ಅದರ ನಡುವೆಯೇ ಇರುವ ಹೋಪಿ ಜನರ ನೆಲದಲ್ಲಿ ಮತ್ತೆ ಇಲ್ಲ. ಆಂಟೆಲೋಪ್ ಪಕ್ಕದ ಪೇಜ್ ಊರಿನ ಸುತ್ತ ಮೊಬೈಲ್ ಯಾವ ಗೋಪುರ ಹಿಡಿಯಿತೋ ಆ ಸಮಯ ತೋರಿಸುತ್ತದೆ. ಪೇಜ್‌ನ ಆಂಟೆಲೋಪ್ ಪ್ರವಾಸಗಳು ಅರಿಜೋನಾ ಸಮಯದಲ್ಲಿ, ಮಾನ್ಯುಮೆಂಟ್ ವ್ಯಾಲಿ ನವಾಹೋ ಸಮಯದಲ್ಲಿ ನಡೆಯುತ್ತವೆ. ಮಾರ್ಚ್‌ನಿಂದ ನವೆಂಬರ್ ಮೊದಲ ವಾರದವರೆಗೆ ಮೊಬೈಲ್‌ನಲ್ಲಿ ಸ್ವಯಂಚಾಲಿತ ಸಮಯ ನಿಲ್ಲಿಸಿ ಫೀನಿಕ್ಸ್ ಅಂತ ನೀವೇ ಇಟ್ಟುಕೊಳ್ಳಿ, ಮಾನ್ಯುಮೆಂಟ್ ವ್ಯಾಲಿಗೆ ಅದಕ್ಕೆ ಒಂದು ಗಂಟೆ ಕೂಡಿಸಿ.

ಅಲ್ಲಿ ಮಳೆಗಾಲ ಜೂನ್ 15ರಿಂದ ಸೆಪ್ಟೆಂಬರ್ 30. ನಮ್ಮ ಜಡಿಮಳೆ ಅಲ್ಲ, ಮಧ್ಯಾಹ್ನದ ನಂತರ ಅರ್ಧ ಗಂಟೆ ಸುರಿದು ನಿಲ್ಲುತ್ತದೆ. ಗಟ್ಟಿ ನೆಲ ನೀರು ಹೀರುವುದಿಲ್ಲ, ಎಲ್ಲವೂ ಹಳ್ಳಕ್ಕೆ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಕೆಳ ಆಂಟೆಲೋಪ್ ಕ್ಯಾನ್ಯನ್‌ನಲ್ಲಿ ಹನ್ನೊಂದು ಜನ ಸತ್ತದ್ದು ಮೈಲಿಗಟ್ಟಲೆ ಆಚೆ ಬಿದ್ದ ಮಳೆಯಿಂದ. ತಲೆಯ ಮೇಲಿನ ಆಕಾಶ ನೋಡಿ ನಿರ್ಧರಿಸಬೇಡಿ. ಪ್ರವಾಸ ರದ್ದು ಮಾಡಿದರೆ ಜಗಳಕ್ಕೆ ನಿಲ್ಲಬೇಡಿ.

ಧೂಳಿನ ಬಿರುಗಾಳಿ ಎದುರಾದರೆ ರಸ್ತೆಯಿಂದ ಪೂರ್ತಿ ಹೊರಗೆ ಇಳಿಸಿ ನಿಲ್ಲಿಸಿ, ಎಲ್ಲ ದೀಪ ಆರಿಸಿ, ಮಿನುಗುವ ದೀಪವನ್ನೂ. ಕೈಬ್ರೇಕ್ ಹಾಕಿ ಕಾಲು ಬ್ರೇಕಿನಿಂದ ತೆಗೆಯಿರಿ, ಸೀಟ್ ಬೆಲ್ಟ್ ಬಿಚ್ಚಬೇಡಿ. ದೀಪ ಹಚ್ಚಿಟ್ಟರೆ ಹಿಂದಿನವನು ಮುಂದೆ ಹೋಗುತ್ತಿರುವ ಕಾರು ಅಂದುಕೊಂಡು ಅದನ್ನೇ ಹಿಂಬಾಲಿಸಿ ಬಂದು ಗುದ್ದುತ್ತಾನೆ.

ಜನರ ಬಗ್ಗೆ: ಫೀನಿಕ್ಸ್‌ನಲ್ಲಿ ಬೇರೆ ಕಡೆಯಿಂದ ಬಂದು ನೆಲೆಸಿದವರೇ ಬಹಳ, ಹಾಗಾಗಿ ಹೊಸಬರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಬೇಸಿಗೆಯಲ್ಲಿ ಬದುಕು ಬೆಳಗ್ಗೆ ಐದಕ್ಕೆ ಶುರು. 2023ರಲ್ಲಿ ಸತತ 31 ದಿನ 110 ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್ ಮುಟ್ಟಿತ್ತು ಇಲ್ಲವೇ ದಾಟಿತ್ತು. ಕಾರಿನ ಬ್ಯಾಟರಿ ಎರಡು ಮೂರು ವರ್ಷಕ್ಕೇ ಸಾಯುತ್ತದೆ. ತಣ್ಣಗಿನ ರಾಜ್ಯದಿಂದ ಹಳೆಯ ಬ್ಯಾಟರಿಯೊಂದಿಗೆ ಬಂದವರು ಮೊದಲ ಜೂನ್‌ಗೆ ಮುನ್ನ ಪರೀಕ್ಷೆ ಮಾಡಿಸಿ.

ಪೇಡಾಪ್ರಿಯ

ಬಿಸಲಿನ ಕತಿ ಆತು, ಈಗ ಚಳಿ ಕಡೆ ಬರ್ರಿ. ಮಿನ್ನೆಸೋಟಾದಾಗ ಹೊಸದಾಗಿ ಬಂದವರು ಭಾಳ ಮಂದಿ ಮೊದಲ ದಂಡ ಕಟ್ಟೋದು ಗಾಡಿ ನಿಲ್ಲಿಸೋದ್ರಾಗ. ಮಿನ್ಯಾಪೊಲಿಸ್‌ನಾಗ ಜೋರು ಹಿಮ ಬಿದ್ರ ನಗರದವರು ತುರ್ತು ಘೋಷಣಾ ಮಾಡ್ತಾರ. ಮೊದಲ ದಿನ ರಾತ್ರಿ 9ರಿಂದ ಮುಂಜಾನೆ 8ರ ತನಕ, ಫಲಕ ಹಾಕಿದ ಮುಖ್ಯ ದಾರಿಗಳ ಎರಡೂ ಬದಿಗೆ ಗಾಡಿ ಇರಬಾರದು. ಎರಡನೇ ದಿನ ಮುಂಜಾನೆ 8ರಿಂದ ರಾತ್ರಿ 8, ಉಳಿದ ಓಣಿಗಳ ಸಮಸಂಖ್ಯೆ ಮನಿಗಳ ಬದಿಗೆ ಇರಬಾರದು. ಮೂರನೇ ದಿನ ಅದೇ ಹೊತ್ತು, ಬೆಸಸಂಖ್ಯೆ ಬದಿಗೆ. ಹಿಮ ತೆಗೆಯೋ ಯಂತ್ರ ಬಂದು ಹೋಗಿದ್ರ ಆ ಬದಿಗೆ ನಿಲ್ಲಿಸಬಹುದು. ತಪ್ಪಿದ್ರ ಗಾಡಿ ಎಳಕೊಂಡು ಹೋಗ್ತಾರ, ದಂಡದ ಜೊತಿಗೆ ಎಳೆದದ್ದರ ಖರ್ಚೂ ನಿಮ್ಮದ. ನಗರದ ಸಂದೇಶ ಮೊಬೈಲಿಗೆ ಬರೋ ಹಂಗ ನವೆಂಬರದಾಗನ ಹೆಸರು ಹಚ್ಚಿರಿ. ಪಕ್ಕದ ಸೇಂಟ್ ಪಾಲ್‌ನ ನಿಯಮ ಬ್ಯಾರೆ ಅದ, ಇದನ್ನ ಅಲ್ಲಿ ನಡಸಬ್ಯಾಡ್ರಿ.

ಗಾಡ್ಯಾಗ ಚಳಿಗಾಲ ಪೂರ್ತಿ ಇರಬೇಕಾದ್ದು: ಒಂದು ಸಣ್ಣ ಸಲಿಕಿ, ರಗ್ಗು, ಕೈಗವಸು, ಗಾಲಿ ಜಾರಿದ್ರ ಕೆಳಗ ಹಾಕಾಕ ಮರಳು ಇಲ್ಲಾ ಬೆಕ್ಕಿನ ಮಣ್ಣಿನ (ಕ್ಯಾಟ್ ಲಿಟರ್) ಚೀಲ, ಮೇಣದಬತ್ತಿ, ತಿನ್ನಾಕ ಏನರ, ಬ್ಯಾಟರಿ ಕೇಬಲ್. ಹಿಮದಾಗ ಸಿಕ್ಕೊಂಡ್ರ ಗಾಡಿ ಬಿಟ್ಟು ನಡಕೋತ ಹೋಗಬ್ಯಾಡ್ರಿ. ಹೊಗೆ ಕೊಳವಿ ಮ್ಯಾಲಿನ ಹಿಮ ತೆಗೆದು, ತಾಸಿಗೆ ಹತ್ತು ನಿಮಿಷ ಅಷ್ಟ ಇಂಜಿನ್ ಹಚ್ಚಿರಿ. ಕೊಳವಿ ಮುಚ್ಚಿದ್ರ ವಿಷದ ಗಾಳಿ ಒಳಗ ತುಂಬ್ತದ.

ಹೆಪ್ಪುಗಟ್ಟಿದ ಕೆರಿ ಮ್ಯಾಲ ಹೋಗೋದು ಇಲ್ಲಿಯವರಿಗೆ ಜಾತ್ರಿ ಇದ್ದಂಗ. ಆದ್ರ ಲೆಕ್ಕ ಬಿಗಿ ಅದ: ಹೊಸ, ಸ್ವಚ್ಛ ಮಂಜುಗಡ್ಡಿ 4 ಇಂಚು ಇದ್ರ ಮನಷ್ಯಾ ನಡೀಬಹುದು, ಸಣ್ಣ ಕಾರಿಗೆ 9ರಿಂದ 10 ಇಂಚು ಬೇಕು. ಬಿಳಿ ಮಂಜಿನ ಶಕ್ತಿ ಅರ್ಧ ಅಷ್ಟ, ಅದಕ್ಕ ದಪ್ಪ ಎರಡು ಪಟ್ಟು ಇರಬೇಕು. ಹರಿಯೋ ನೀರು ಸೇರೋ ಜಾಗ, ಸೇತುವಿ ಕೆಳಗ, ಗಾಳಿ ಬಿಡೋ ಯಂತ್ರ ಇರೋ ದಂಡಿ, ಇವು ತೆಳ್ಳಗ ಇರ್ತಾವ. ಒಂದು ಕಡೆ ದಪ್ಪ ಅದ ಅಂತ ಹತ್ತು ಹೆಜ್ಜಿ ಆಚೆ ಹಂಗ ಇರೂದಿಲ್ಲ, ಕೊರದು ಅಳೀಬೇಕು.

ನೇತ್ರಾವತಿ_78

ಚಳಿ ಬಿಟ್ಟು ಬೇಸಿಗೆ ಬಗ್ಗೆಯೂ ಹೇಳಿ ಮಾರಾಯ್ರೆ. ಆ ರಾಜ್ಯಕ್ಕೆ ಯಾರೂ ಬಾರದ ಹಾಗೆ ಆದೀತು.

ಪೇಡಾಪ್ರಿಯ

ಬ್ಯಾಸಗಿ ಅಂದ್ರ ಸ್ವರ್ಗ ರೀ, ಅದಕ್ಕ ಚಳಿ ತಡ್ಕೋತಾರ. ಇಟಾಸ್ಕಾ ಉದ್ಯಾನದಾಗ ಮಿಸಿಸಿಪಿ ನದಿ ಹುಟ್ಟೋ ಜಾಗ ಅದ. ಅಲ್ಲಿ ನದಿ ಅಗಲ ಸುಮಾರು 18 ಅಡಿ, ಕಲ್ಲಿನ ಮ್ಯಾಲ ಕಾಲಿಟ್ಟು ದಾಟಬಹುದು. ಕಲ್ಲಿನ ಮ್ಯಾಲ ಪಾಚಿ ಇರ್ತದ, ಜಾರ್ತದ, ಹಿರಿಯರನ್ನ ಪಕ್ಕದ ನೀರಿನಾಗಿಂದನ ಕೈ ಹಿಡಿದು ನಡಸ್ರಿ, ಮೊಣಕಾಲ ತನಕ ಅಷ್ಟ ಇರ್ತದ. ಡುಲೂತ್‌ನಿಂದ ಸುಪೀರಿಯರ್ ಸರೋವರದ ದಂಡಿಗುಂಟ ಹೋದ್ರ ಗೂಸ್‌ಬೆರಿ ಜಲಪಾತ, 1910ರ ಸ್ಪ್ಲಿಟ್ ರಾಕ್ ದೀಪಸ್ತಂಭ. 1905ರ ಬಿರುಗಾಳ್ಯಾಗ ಹಡಗು ಮುಳುಗಿದ ಮ್ಯಾಲ ಅದನ್ನ ಕಟ್ಟಿದ್ದು. ಜುಲೈದಾಗೂ ಆ ದಂಡಿಗೆ ಸ್ವೆಟರ್ ಬೇಕು.

ಬೌಂಡರಿ ವಾಟರ್ಸ್ ಅನ್ನೋದು ಕೆರಿಗಳು ತುಂಬಿದ, ದೋಣಿ ಹುಟ್ಟು ಹಾಕ್ಕೋತ ಹೋಗೋ ಕಾಡು. ರಾತ್ರಿ ಉಳಿಯೋರಿಗೆ ಮೇ 1ರಿಂದ ಸೆಪ್ಟೆಂಬರ್ 30ರ ತನಕ ದಾರಿಗಿಷ್ಟು ಅಂತ ಪರವಾನಗಿ. ಅವು ಜನವರಿ ಕಡೀ ಬುಧವಾರ ಮುಂಜಾನೆ 9ಕ್ಕ ತೆರಿತಾವ, ಹೆಸರಾದ ದಾರಿಗಳು ಅವತ್ತ ಮುಗೀತಾವ. ಗುಂಪಿನಾಗ 9 ಮಂದಿ, 4 ದೋಣಿ, ಅಷ್ಟ. ತಗಡಿನ ಡಬ್ಬಿ, ಗಾಜಿನ ಬಾಟ್ಲಿ ಒಯ್ಯಂಗಿಲ್ಲ, ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕ್ಕೋರಿ.

ಮಂದಿ ಭಾಳ ಮೆತ್ತಗ. "ಬ್ಯಾಡ" ಅಂತ ನೇರ ಅನ್ನೂದಿಲ್ಲ, "ನೋಡೋಣ" ಅಂದ್ರ ಅರ್ಧ ಬ್ಯಾಡ ಅಂತನ ತಿಳೀರಿ. ತಿಂಡಿ ಕೊಟ್ರ ಒಂದೆರಡು ಸಲ ಒಲ್ಲೆ ಅಂತಾರ, ನಮ್ಮಂಗನ. ಮತ್ತೊಮ್ಮೆ ಕೇಳ್ರಿ, ತಗೋತಾರ. ಆದ್ರ ನಗುನಗುತ ಮಾತಾಡಿದವರು ಮನಿಗೆ ಕರೀಲಿಕ್ಕೆ ವರ್ಷಾನ ಹಿಡೀಬಹುದು. ಸಾಲಿಗೆಳೆತನ ಮುಪ್ಪಿನ ತನಕ ಹಿಡಕೊಂಡ ಮಂದಿ ಅವರು. ಪಾಟ್‌ಲಕ್ಕಿಗೆ, ಅಂದ್ರ ಎಲ್ಲಾರೂ ಒಂದೊಂದು ಅಡಗಿ ತರೋ ಊಟಕ್ಕ, ಕರೆದ್ರ ತಪ್ಪಸಬ್ಯಾಡ್ರಿ, ಚಿತ್ರಾನ್ನ ಒಯ್ಯಿರಿ, ಅಲ್ಲಿಂದನ ಸ್ನೇಹ ಶುರು ಆಗ್ತದ. ಹಾಟ್‌ಡಿಶ್ ಅನ್ನೋ ಓವನ್‌ನಾಗ ಬೇಯಿಸಿದ ಅಡಗ್ಯಾಗ ಸಾಮಾನ್ಯ ದನದ ಮಾಂಸ ಇರ್ತದ, ಕೇಳಿ ಬಡಿಸಿಕೋರಿ.

ನೇತ್ರಾವತಿ_78

ಇಡ್ಲಿ ಹಿಟ್ಟು ಅಲ್ಲಿ ಹುಳಿ ಬರುವುದೇ?

ಪೇಡಾಪ್ರಿಯ

ಬರ್ತದ. ಓವನ್ ಹಚ್ಚಬಾರದು, ಒಳಗಿನ ದೀಪ ಅಷ್ಟ ಹಚ್ಚಿ 10ರಿಂದ 14 ತಾಸು ಇಡ್ರಿ. ಹೊಸ ಓವನ್‌ನಾಗ ಎಲ್‌ಇಡಿ ದೀಪ ಇದ್ರ ಕಾವು ಬರೂದಿಲ್ಲ, ಬಿಸಿನೀರಿನ ಪಾತ್ರಿ ಪಕ್ಕಕ್ಕ ಇಟ್ಟು ಎರಡು ಸಲ ಬದಲಿಸ್ರಿ. ಅಯೋಡಿನ್ ಇಲ್ಲದ ಕಲ್ಲುಪ್ಪು ಹಾಕಿ ಕೈಲೆ ಕಲಸ್ರಿ.

ಕೆಂಪುಹಸಿರು

ಎತ್ತರದ ಊರಲ್ಲಿ ಸಮಸ್ಯೆ ಹುಳಿ ಬರುವುದಲ್ಲ, ಬೇಯುವುದು. ನ್ಯೂ ಮೆಕ್ಸಿಕೋದ ಸಾಂಟಾ ಫೇ 7,000 ಅಡಿ ಎತ್ತರ. ನೀರು ಕುದಿಯುವುದೇ ಸುಮಾರು 93 ಡಿಗ್ರಿಗೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ತುಂಬಾ ಹೊತ್ತು ಹಿಡಿಯುತ್ತದೆ. ಕುಕ್ಕರ್ ಬೇಕೇ ಬೇಕು, ಸಮುದ್ರಮಟ್ಟದಲ್ಲಿ ಮೂರು ಕೂಗಿಗೆ ಬೇಯುವುದಕ್ಕೆ ಇಲ್ಲಿ ಒಂದೆರಡು ಹೆಚ್ಚು ಕೂಗಿಸಿ. ಇಡ್ಲಿಗೂ ಐದು ನಿಮಿಷ ಹೆಚ್ಚು ಹಬೆ.

ಮೆಣಸಿನಕಾಯಿ ಪ್ರೀತಿಸುವ ಕನ್ನಡಿಗರಿಗೆ ಈ ರಾಜ್ಯದಷ್ಟು ಹತ್ತಿರದ್ದು ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೋಟೆಲಿನಲ್ಲಿ ಕುಳಿತ ಕೂಡಲೇ ಕೇಳುವುದು ಕೆಂಪೋ ಹಸಿರೋ ಅಂತ. ಎರಡೂ ಒಂದೇ ಗಿಡದ ಕಾಯಿ, ಹಸಿರಾಗಿದ್ದಾಗ ಕಿತ್ತು ಸುಟ್ಟದ್ದು ಒಂದು, ಹಣ್ಣಾಗಿಸಿ ಒಣಗಿಸಿ ಅರೆದದ್ದು ಇನ್ನೊಂದು. ಎರಡೂ ಬೇಕಾದರೆ "ಕ್ರಿಸ್‌ಮಸ್" ಅನ್ನಿ. ಕೆಂಪು ಸಾಸ್ ಮಾಡುವ ಬಗೆ ನಾವು ಬ್ಯಾಡಗಿ ನೆನೆಸಿ ಅರೆಯುವುದಕ್ಕೆ ತೀರಾ ಹತ್ತಿರ. ಹುರಿದ ಪುಡಿಗಿಂತ ಇಡೀ ಒಣಮೆಣಸಿನಿಂದ ಮಾಡಿದ್ದೇ ರುಚಿ.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಂಗಡಿಗಳ ಮುಂದೆ ಜಾಲರಿ ಪೀಪಾಯಿಯಲ್ಲಿ ಗ್ಯಾಸ್ ಉರಿಗೆ ತಿರುಗಿಸಿ ಮೆಣಸಿನಕಾಯಿ ಸುಡುತ್ತಾರೆ. ಚೀಲಗಟ್ಟಲೆ ಕೊಂಡರೆ ಅಲ್ಲೇ ಸುಟ್ಟುಕೊಡುತ್ತಾರೆ. ಮನೆಗೆ ತಂದು ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಬೆವರಲು ಬಿಡಿ, ಆರಿದ ಮೇಲೆ ಸಿಪ್ಪೆ ಸಮೇತ ಸಣ್ಣ ಚೀಲಗಳಲ್ಲಿ ಫ್ರೀಜರ್‌ಗೆ ಹಾಕಿ. ಸಿಪ್ಪೆಯಿದ್ದರೆ ಸುಟ್ಟ ಪರಿಮಳ ಉಳಿಯುತ್ತದೆ, ಕರಗಿದಾಗ ಸಿಪ್ಪೆ ತಾನಾಗಿ ಜಾರುತ್ತದೆ. ಬಿಸಿಯಿರುವಾಗಲೇ ದೊಡ್ಡ ಗುಡ್ಡೆಯಾಗಿ ಫ್ರೀಜರ್‌ಗೆ ತುಂಬಿದರೆ ನಡುವಿನದು ಹಳಸುತ್ತದೆ. ಕೈಗವಸು ಇಲ್ಲದೆ ಸುಲಿಯಬೇಡಿ. ಸಸ್ಯಾಹಾರಿಗಳು ಬೀನ್ಸ್‌ಗೆ ಹಂದಿಕೊಬ್ಬು ಹಾಕಿದ್ದಾರೆಯೇ, ಹಸಿರು ಸಾಸ್‌ಗೆ ಮಾಂಸ ಬೆರೆಸಿದ್ದಾರೆಯೇ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಆಲ್ಬುಕರ್ಕಿಯಲ್ಲಿ ಬಲೂನ್ ಉತ್ಸವ, 1972ರಿಂದ ನಡೆದು ಬಂದದ್ದು. ಆ ಊರಿನ ಮುಂಜಾನೆಯ ಗಾಳಿ ವಿಶೇಷ: ಕೆಳಗಿನದು ದಕ್ಷಿಣಕ್ಕೆ, ಮೇಲಿನದು ಉತ್ತರಕ್ಕೆ ಬೀಸುತ್ತದೆ. ಹಾಗಾಗಿ ಎತ್ತರ ಬದಲಿಸಿಕೊಂಡು ಬಲೂನು ಹೊರಟಲ್ಲಿಗೇ ಮರಳಬಹುದು. ಸಾಮೂಹಿಕ ಹಾರಾಟ ಬೆಳಗ್ಗೆ ಏಳಕ್ಕೆ, ಐದಕ್ಕಿಂತ ಮುಂಚೆ ಅಲ್ಲಿರದಿದ್ದರೆ ವಾಹನಸಾಲಿನಲ್ಲೇ ಬೆಳಗಾಗುತ್ತದೆ. ಗಾಳಿ ಜೋರಾದರೆ ರದ್ದು, ಆದ್ದರಿಂದ ಎರಡು ಬೆಳಗು ಇಟ್ಟುಕೊಂಡು ಬನ್ನಿ.

ವೈಟ್ ಸ್ಯಾಂಡ್ಸ್ 2019ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಬಿಳಿ ದಿಬ್ಬಗಳು ಮಾಮೂಲಿ ಮರಳಲ್ಲ, ಜಿಪ್ಸಮ್ ಎಂಬ ಖನಿಜ, ಬಿಸಿಲಲ್ಲೂ ಕಾಲು ಸುಡುವುದಿಲ್ಲ. ಸುತ್ತಲೂ ಕ್ಷಿಪಣಿ ಪರೀಕ್ಷಾ ವಲಯವಾದ್ದರಿಂದ ಕೆಲವು ದಿನ ಒಂದೆರಡು ಗಂಟೆ ರಸ್ತೆ ಮುಚ್ಚುತ್ತಾರೆ, ಹಿಂದಿನ ದಿನವೇ ನೋಡಿಕೊಳ್ಳಿ. ದಿಬ್ಬಗಳ ನಡುವೆ ಎಲ್ಲ ದಿಕ್ಕೂ ಒಂದೇ ಥರ ಕಾಣುತ್ತದೆ, ಹೆಜ್ಜೆ ಗುರುತನ್ನು ಗಾಳಿ ಅಳಿಸುತ್ತದೆ. ಕಂಬ ನೆಟ್ಟ ದಾರಿ ಬಿಡಬೇಡಿ.

ಮಲ್ಪೆದೋಣಿ

ಮಿಶಿಗನ್ ಬಗ್ಗೆ ಯಾರೂ ಬರೆದಿಲ್ಲ. ಡೆಟ್ರಾಯ್ಟ್ ಸುತ್ತ ಕನ್ನಡಿಗರು ಬೇಕಾದಷ್ಟು, ಪಂಪ ಕನ್ನಡ ಕೂಟವೂ ಅಲ್ಲಿಯದೇ. ಆದರೆ ಬಹಳ ಮಂದಿ ಟ್ರಾಯ್, ನೋವಿ, ಕ್ಯಾಂಟನ್ ದಾಟಿ ಉತ್ತರಕ್ಕೆ ಹೋಗುವುದೇ ಇಲ್ಲ. ಅಲ್ಲಿನವರಿಗೆ ಉತ್ತರ ಅಂದರೆ ಜೀವ. ನಕ್ಷೆಯಲ್ಲಿ ರಾಜ್ಯದ ಕೆಳಭಾಗ ಅಂಗೈಯಂತೆ ಕಾಣುವುದರಿಂದ, ಎಲ್ಲಿಯವರು ಅಂತ ಕೇಳಿದರೆ ಅಂಗೈ ಎತ್ತಿ ಬೆರಳಿನಿಂದ ಊರು ತೋರಿಸುತ್ತಾರೆ.

ರಾಜ್ಯದ ಕೆಳಭಾಗವನ್ನು ನೀರಿನಾಚೆಯ ಮೇಲ್ಭಾಗಕ್ಕೆ ಜೋಡಿಸುವ ಮ್ಯಾಕಿನಾ ಸೇತುವೆ 1957ರದ್ದು, ಐದು ಮೈಲಿ ಉದ್ದ. ಒಳಗಿನ ಲೇನ್ ಕಬ್ಬಿಣದ ಜಾಲರಿ, ಕೆಳಗೆ ನೀರು ಕಾಣುತ್ತದೆ. ಹೆದರುವವರು ಹೊರ ಲೇನ್ ಹಿಡಿಯಿರಿ. ಅದೂ ಆಗದಿದ್ದರೆ ಸೇತುವೆಯ ಸಿಬ್ಬಂದಿಯೇ ನಿಮ್ಮ ಕಾರು ಓಡಿಸಿ ದಾಟಿಸುತ್ತಾರೆ, ಕೇಳಲು ಸಂಕೋಚ ಬೇಡ. ಮ್ಯಾಕಿನಾ ದ್ವೀಪದಲ್ಲಿ 1898ರಿಂದ ಮೋಟಾರು ವಾಹನ ನಿಷೇಧ. ಸುತ್ತುರಸ್ತೆ ಎಂಟು ಮೈಲಿ, ಸಮತಟ್ಟು, ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಹಗಲಿನ ಜನ ಸಂಜೆಯ ದೋಣಿಗೆ ಮರಳಿದ ಮೇಲೆ ದ್ವೀಪ ಬೇರೆಯೇ ಆಗುತ್ತದೆ, ಒಂದು ರಾತ್ರಿ ಉಳಿಯುವುದು ಖರ್ಚಿಗೆ ತಕ್ಕದ್ದು.

ಸ್ಲೀಪಿಂಗ್ ಬೇರ್ ಮರಳುದಿಬ್ಬಗಳಲ್ಲಿ ಜನ ಎರಡು ಜಾಗ ಗೊಂದಲ ಮಾಡಿಕೊಳ್ಳುತ್ತಾರೆ. ಮಕ್ಕಳು ಹತ್ತಿ ಇಳಿಯುವ ಡ್ಯೂನ್ ಕ್ಲೈಂಬ್ ಬೇರೆ. ಪಿಯರ್ಸ್ ಸ್ಟಾಕಿಂಗ್ ರಸ್ತೆಯ ಒಂಬತ್ತನೇ ನಿಲುಗಡೆ ಬೇರೆ, ಅಲ್ಲಿಂದ ಸರೋವರಕ್ಕೆ 450 ಅಡಿ ಕಡಿದಾದ ಇಳಿಜಾರು. ಇಳಿಯಲು ಐದು ನಿಮಿಷ, ಹತ್ತಲು ಎರಡು ಗಂಟೆಯೂ ಆಗಬಹುದು, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ. ಮೇಲಿಂದ ನೋಡಿ ಬನ್ನಿ, ಇಳಿಯಬೇಡಿ.

ಪಿಕ್ಚರ್ಡ್ ರಾಕ್ಸ್ 1966ರಲ್ಲಿ ದೇಶದ ಮೊದಲ ರಾಷ್ಟ್ರೀಯ ಸರೋವರತೀರ ಅನ್ನಿಸಿಕೊಂಡಿತು. ಬಂಡೆಯಿಂದ ಒಸರುವ ನೀರಿನ ಕಬ್ಬಿಣ ಕೆಂಪು ಕೊಟ್ಟರೆ ತಾಮ್ರ ನೀಲಿ-ಹಸಿರು, ಮ್ಯಾಂಗನೀಸ್ ಕಪ್ಪು. ಬಂಡೆ ವಾಯವ್ಯಕ್ಕೆ ಮುಖ ಮಾಡಿದೆ, ಆದ್ದರಿಂದ ಮ್ಯುನಿಸಿಂಗ್‌ನಿಂದ ಮಧ್ಯಾಹ್ನದ ಕೊನೆಯ ದೋಣಿ ಹಿಡಿಯಿರಿ, ಬೆಳಗ್ಗೆ ಬಂಡೆ ನೆರಳಲ್ಲಿರುತ್ತದೆ. ಮೇ ಕೊನೆಯಿಂದ ಜೂನ್‌ವರೆಗೆ ಕಪ್ಪು ನೊಣ ಕಚ್ಚುತ್ತವೆ, ಸೆಪ್ಟೆಂಬರ್ ಎಲ್ಲಕ್ಕಿಂತ ಒಳ್ಳೆಯದು. ತೀರದಲ್ಲಿ ಆರು ಮೂಲೆಯ ಹವಳದ ಗುರುತಿರುವ ಪೆಟೋಸ್ಕಿ ಕಲ್ಲು ಹುಡುಕುವವರು ಗಮನಿಸಿ: ರಾಜ್ಯದ ನೆಲದಲ್ಲಿ ವರ್ಷಕ್ಕೆ 25 ಪೌಂಡ್ ಮಿತಿ, ಸ್ಲೀಪಿಂಗ್ ಬೇರ್‌ನಂಥ ಕೇಂದ್ರದ ನೆಲದಲ್ಲಿ ಒಂದು ಕಲ್ಲೂ ತೆಗೆಯುವಂತಿಲ್ಲ.

ಹಿಮ ಎಲ್ಲ ಕಡೆ ಒಂದೇ ಅಲ್ಲ. ತಣ್ಣನೆಯ ವಾಯವ್ಯ ಗಾಳಿ ಇನ್ನೂ ಬೆಚ್ಚಗಿರುವ ಸರೋವರದ ಮೇಲೆ ಬಂದು ತೇವ ಹೀರಿ ಪಶ್ಚಿಮ ತೀರಕ್ಕೆ, ಮೇಲ್ಭಾಗದ ಕೀವನಾ ಮೂಲೆಗೆ ಸುರಿಯುತ್ತದೆ. ಕೀವನಾದಲ್ಲಿ 1978-79ರಲ್ಲಿ 390 ಇಂಚು ಬಿದ್ದ ದಾಖಲೆಯಿದೆ. ಡೆಟ್ರಾಯ್ಟ್‌ಗೆ ಅದರ ಸಣ್ಣ ಪಾಲು ಮಾತ್ರ. ಬಾಡಿಗೆ ಮನೆ ಹುಡುಕುವಾಗ ಇದು ತಲೆಯಲ್ಲಿರಲಿ.

ಕಾವೇರಿಕೊಡಗು

ನವೆಂಬರ್‌ನಲ್ಲಿ ಉತ್ತರಕ್ಕೆ ಹೋಗಬಹುದೇ? ರಜೆ ಆಗಲೇ ಸಿಗುವುದು.

ಮಲ್ಪೆದೋಣಿ

ಮೊದಲ ಹತ್ತು ದಿನ ಪರವಾಗಿಲ್ಲ, ಆದರೆ ದೋಣಿಗಳು ಹೆಚ್ಚಿನವು ನಿಂತಿರುತ್ತವೆ, ಹೋಟೆಲುಗಳೂ ಮುಚ್ಚುತ್ತವೆ. ನವೆಂಬರ್ 15ಕ್ಕೆ ಬಂದೂಕಿನ ಜಿಂಕೆ ಬೇಟೆ ಶುರು, ಅಲ್ಲಿಯವರಿಗೆ ಅದು ಹಬ್ಬ. ಆಮೇಲೆ ಕಾಡುದಾರಿಯಲ್ಲಿ ನಡೆಯುವವರು ಕಿತ್ತಳೆ ಬಣ್ಣದ ಅಂಗಿ ಹಾಕಲೇಬೇಕು, ಮಕ್ಕಳಿಗೂ. ಮುಸ್ಸಂಜೆ ಹೊತ್ತು ಜಿಂಕೆ ರಸ್ತೆಗೆ ಬಂದರೆ ಬ್ರೇಕ್ ಹಾಕಿ, ಸ್ಟಿಯರಿಂಗ್ ತಿರುಗಿಸಬೇಡಿ, ಮರಕ್ಕೆ ಗುದ್ದಿ ಆಗುವ ಅನಾಹುತ ದೊಡ್ಡದು. ಒಂದು ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ಸಾಧ್ಯವಾದರೆ ರಜೆಯನ್ನು ಸೆಪ್ಟೆಂಬರ್ ಕೊನೆಗೆ ತಳ್ಳಿ. ಎಲೆ ಬಣ್ಣ ಮೇಲ್ಭಾಗದಲ್ಲಿ ಆಗ ಶುರುವಾಗಿ ಅಕ್ಟೋಬರ್ ನಡುವಿಗೆ ಮುಗಿಯುತ್ತದೆ. ವಿಸ್ಕಾನ್ಸಿನ್ ಗಡಿಯ ನಾಲ್ಕು ಕೌಂಟಿಗಳಲ್ಲಿ ಗಡಿಯಾರ ಒಂದು ಗಂಟೆ ಹಿಂದೆ, ಬುಕಿಂಗ್ ಮಾಡುವಾಗ ಅದನ್ನೂ ನೋಡಿಕೊಳ್ಳಿ.